ಲಾಲಾರಸಕ್ಕೆ ಬಿಡುವು, ಒಸಡಿನಂಚಿಗೆ ಬ್ರಷ್: ಬಾಯಿಯ ಆರೈಕೆಯ ಸಮಗ್ರ ಮಾರ್ಗದರ್ಶಿ

ಈ ಸಾಲನ್ನು ಓದುತ್ತಿರುವಾಗಲೇ ನಾಲಿಗೆಯ ತುದಿಯನ್ನು ಕೆಳಸಾಲಿನ ಮುಂದಿನ ಹಲ್ಲುಗಳ ಹಿಂಬದಿಗೆ ತಾಗಿಸಿ, ಒಸಡಿನವರೆಗೂ ನಿಧಾನವಾಗಿ ಇಳಿಸಿ ನೋಡಿ. ಗಾಜಿನಂತೆ ನುಣುಪಾಗಿದ್ದರೆ ಆ ಜಾಗ ಶುಚಿಯಾಗಿದೆ ಎಂದರ್ಥ. ಲೋಳೆಲೋಳೆಯಾಗಿ ಅಥವಾ ಮಾಸಿದ ಬಟ್ಟೆಯಂತೆ ತರಿತರಿಯಾಗಿ ಅನ್ನಿಸಿದರೆ ಅದು ಬ್ಯಾಕ್ಟೀರಿಯಾಗಳ ಪದರ, ಅಂದರೆ ಹಲ್ಲಿನ ಪಾಚಿ. ಗಟ್ಟಿಯಾದ ಒರಟು ದಿಣ್ಣೆ ಸಿಕ್ಕರೆ ಪಾಚಿ ಗಟ್ಟಿಗೊಂಡು ಕಿಟ್ಟವಾಗಿದೆ. ಕಿಟ್ಟ ಬಹಳಷ್ಟು ಮಂದಿಯಲ್ಲಿ ಇದೇ ಜಾಗದಲ್ಲಿ ಮೊದಲು ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ: ನಾಲಿಗೆಯ ಕೆಳಗೆ ಲಾಲಾರಸದ ನಾಳಗಳು ತೆರೆದುಕೊಳ್ಳುವುದು ಇಲ್ಲಿಯೇ, ಮತ್ತು ಆ ರಸದಲ್ಲಿ ಕ್ಯಾಲ್ಸಿಯಂ ಹಾಗೂ ಫಾಸ್ಫೇಟ್ ತುಂಬಿರುತ್ತವೆ. ಶುಚಿಯಾದ ಹಲ್ಲಿನ ಮೇಲೆ ಹರಿದಾಗ ಹಲ್ಲನ್ನು ದುರಸ್ತಿ ಮಾಡುವ ಅದೇ ಖನಿಜಗಳು, ಪಾಚಿಯ ಮೇಲೆ ಹರಿದಾಗ ಪಾಚಿಯನ್ನೇ ಕಲ್ಲಾಗಿಸುತ್ತವೆ.

ಬಾಯಿಯ ಆರೈಕೆಯ ಮುಖ್ಯ ಸಂಗತಿ ಇಷ್ಟರಲ್ಲೇ ಅಡಗಿದೆ ಎಂಬುದು ನನ್ನ ದೃಢವಾದ ನಂಬಿಕೆ. ದಿನವಿಡೀ ಹಲ್ಲನ್ನು ಕಾಯುವುದು ಲಾಲಾರಸ. ಅದು ತನ್ನ ಕೆಲಸವನ್ನು ಮಾಡಲು ಊಟ ತಿಂಡಿಗಳ ನಡುವೆ ಬಿಡುವು ಕೊಡುವುದು, ಮತ್ತು ಅದು ಮುಟ್ಟಲಾರದ ಎರಡು ಜಾಗಗಳನ್ನು, ಅಂದರೆ ಒಸಡಿನ ಅಂಚನ್ನೂ ಹಲ್ಲುಗಳ ಸಂದನ್ನೂ, ಕೈಯಾರೆ ಶುಚಿಮಾಡುವುದು ನಮ್ಮ ಪಾಲಿನ ಕೆಲಸ. ಮುಂದಿನ ಹಂತಗಳೆಲ್ಲ ಈ ಎರಡರ ವಿವರಣೆಯೇ.

ಹಂತ 1: ಬಾಯಿಯೊಳಗೆ ನಡೆಯುವುದನ್ನು ಅರಿಯಿರಿ

ವಯಸ್ಕರ ಬಾಯಿಯಲ್ಲಿ ಬುದ್ಧಿಹಲ್ಲುಗಳೂ ಸೇರಿ 32 ಹಲ್ಲುಗಳಿಗೆ ಸ್ಥಳವಿದೆ: ಕತ್ತರಿಸಲು 8 ಬಾಚಿಹಲ್ಲು, ಸೀಳಲು 4 ಕೋರೆಹಲ್ಲು, ಜಜ್ಜಿ ಅರೆಯಲು 8 ಮುಂದವಡೆ ಹಲ್ಲು ಮತ್ತು 12 ದವಡೆಹಲ್ಲು. ಹಲ್ಲಿನ ಹೊರಕವಚವಾದ ಎನಾಮೆಲ್ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ಒಸಡನ್ನು ಸೀಳಿ ಹೊರಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಹೀಗಾಗಿ ಮುರಿದ ಮೂಳೆ ಕೂಡಿಕೊಳ್ಳುವಂತೆ ಗುಂಡಿಬಿದ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿರುವ ಡೆಂಟಿನ್ ಮೃದುವಾದದ್ದು, ಕಣ್ಣಿಗೆ ಕಾಣದ ಸೂಕ್ಷ್ಮ ಕೊಳವೆಗಳಿಂದ ತುಂಬಿದ್ದು. ಎನಾಮೆಲ್ ಸವೆದಾಗ ಅಥವಾ ಒಸಡು ಕೆಳಗಿಳಿದಾಗ ತಣ್ಣನೆಯ ನೀರಿಗೆ ಹಲ್ಲು ಜುಮ್ಮೆನ್ನುವುದು ಈ ಕೊಳವೆಗಳ ಮೂಲಕವೇ. ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ತಿರುಳಿದೆ.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ ಎಂಬುದು ಹಲವರಿಗೆ ಹೊಸ ವಿಷಯ. ಅದರ ಬೇರನ್ನು ಸುತ್ತಲಿನ ಮೂಳೆಯ ಕುಳಿಯೊಳಗೆ ಸಾವಿರಾರು ಸಣ್ಣ ನಾರುಗಳು ತೂಗುಹಾಕಿ ಹಿಡಿದಿರುತ್ತವೆ, ಜಗಿಯುವ ಭಾರವನ್ನು ತಾಳಿಕೊಳ್ಳುತ್ತವೆ. ಈ ನಾರುಗಳಿಗೂ ಮೂಳೆಗೂ ಒಸಡೇ ಬಾಗಿಲು. ಬಾಗಿಲಲ್ಲಿ ಉರಿಯೂತ ಬಹಳ ಕಾಲ ಉಳಿದರೆ ಹುಳುಕಿಲ್ಲದ ಗಟ್ಟಿಮುಟ್ಟಾದ ಹಲ್ಲೂ ಅಲುಗಾಡಿ ಬಿದ್ದುಹೋಗಬಹುದು.

ಮೂರು ಜೋಡಿ ದೊಡ್ಡ ಲಾಲಾಗ್ರಂಥಿಗಳು ಮತ್ತು ನೂರಾರು ಕಿರುಗ್ರಂಥಿಗಳು ಸೇರಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್‌ನಷ್ಟು ರಸವನ್ನು ಸುರಿಸುತ್ತವೆ. ಈ ರಸ ತುತ್ತನ್ನು ನೆನೆಸಿ ಜಾರುವಂತೆ ಮಾಡುತ್ತದೆ, ಅದರ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಬಾಯಿಯಲ್ಲೇ ಒಡೆಯಲು ಶುರುಮಾಡುತ್ತದೆ, ಬೈಕಾರ್ಬನೇಟ್ ಆಮ್ಲವನ್ನು ಶಮನಗೊಳಿಸುತ್ತದೆ. ನಾಲಿಗೆ ತುತ್ತನ್ನು ಉಂಡೆಗೂಡಿಸಿ ಹಿಂದಕ್ಕೆ ತಳ್ಳಿದ ಕ್ಷಣ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ, ಧ್ವನಿಪೆಟ್ಟಿಗೆ ಮೇಲೇರಿ ಅದರ ಮುಚ್ಚಳ ಬಾಗುತ್ತದೆ, ಉಸಿರು ಅರೆಗಳಿಗೆ ನಿಲ್ಲುತ್ತದೆ. ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ತುತ್ತು ಬಾಯಲ್ಲಿರುವಾಗ ಮಾತನಾಡಬಾರದು ಎಂದು ಹಿರಿಯರು ಹೇಳುವುದು ಬರಿಯ ಶಿಷ್ಟಾಚಾರದ ಮಾತಲ್ಲ. ಇನ್ನು ನಾಲಿಗೆಯ ತುದಿಯಲ್ಲಿ ಮಾತ್ರ ಸಿಹಿ, ಹಿಂಭಾಗದಲ್ಲಿ ಮಾತ್ರ ಕಹಿ ಎಂದು ತೋರಿಸುವ ಹಳೆಯ ಪಠ್ಯಪುಸ್ತಕದ ನಕ್ಷೆ ತಪ್ಪು. ರುಚಿಮೊಗ್ಗುಗಳಿರುವ ಎಲ್ಲ ಭಾಗಗಳೂ ಎಲ್ಲ ಮೂಲ ರುಚಿಗಳನ್ನೂ ಗ್ರಹಿಸಬಲ್ಲವು.

ಈಗ ಹುಳುಕಿನ ವಿಷಯ. ಹಲ್ಲನ್ನು ಕೊರೆಯುವ ಹುಳು ಯಾವುದೂ ಇಲ್ಲ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನೂ ಬೆಂದ ಪಿಷ್ಟವನ್ನೂ ಹುದುಗಿಸಿ ಆಮ್ಲವನ್ನು ಉತ್ಪಾದಿಸುತ್ತವೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಾಚಿಯ ಪಿಎಚ್ ಮಟ್ಟ (ಆಮ್ಲೀಯತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಕುಸಿಯುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್‌ನಿಂದ ಖನಿಜ ಕರಗಿ ಹೊರಬರತೊಡಗುತ್ತದೆ. ಬೇರಿನ ಭಾಗ ಇನ್ನೂ ಸೌಮ್ಯವಾದ ಆಮ್ಲಕ್ಕೇ ಕರಗುತ್ತದೆ. ಆದ್ದರಿಂದಲೇ ಒಸಡು ಕೆಳಗಿಳಿದ ಹಿರಿಯರಲ್ಲಿ ಬೇರಿನ ಹುಳುಕು ಬೇಗ ಹಬ್ಬುತ್ತದೆ. ಮತ್ತೇನನ್ನೂ ತಿನ್ನದಿದ್ದರೆ ಲಾಲಾರಸವು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಿಎಚ್ ಮಟ್ಟವನ್ನು ಮೊದಲಿನಂತೆ ಮಾಡಿ, ಕರಗಿದ ಖನಿಜದ ಒಂದಿಷ್ಟನ್ನು ಹಲ್ಲಿಗೆ ಮರಳಿಸುತ್ತದೆ. ಈ ಕೊಡುಕೊಳ್ಳುವಿಕೆ ಪ್ರತಿದಿನವೂ ಹಲವು ಬಾರಿ ನಡೆಯುತ್ತದೆ. ನಷ್ಟವೇ ಮೇಲುಗೈಯಾದಾಗ ಮೊದಲು ಸುಣ್ಣದಂತಹ ಮಂಕು ಬಿಳಿ ಮಚ್ಚೆ ಮೂಡುತ್ತದೆ. ಮೇಲ್ಪದರ ಕುಸಿಯುವ ಮೊದಲು ಎಚ್ಚೆತ್ತರೆ ಅದನ್ನು ಅಲ್ಲಿಗೇ ತಡೆಯಬಹುದು. ಗುಂಡಿ ಬಿದ್ದ ಮೇಲೆ ವೈದ್ಯರು ತುಂಬಿಸಲೇಬೇಕು.

ಹಂತ 2: ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಲ್ಲಿ

ಒಳ್ಳೆಯ ಬೆಳಕಿನಲ್ಲಿ, ತೊಳೆದ ಕೈಗಳಿಂದ, ಅವಸರವಿಲ್ಲದೆ ಐದು ನಿಮಿಷ ಇದಕ್ಕೆ ಮೀಸಲಿಡಿ. ತುಟಿಗಳನ್ನು ಮೇಲೆ ಕೆಳಗೆ ಎಳೆದು ಒಸಡನ್ನು ನೋಡಿ. ಒಸಡಿನ ಬಣ್ಣ ವ್ಯಕ್ತಿಯಿಂದ ವ್ಯಕ್ತಿಗೆ ತಿಳಿಗುಲಾಬಿಯಿಂದ ಕಂದಿನವರೆಗೂ ಬದಲಾಗುತ್ತದೆ, ಅದು ರೋಗವಲ್ಲ. ಅಂಚು ಊದಿಕೊಂಡು ಹೊಳೆಯುತ್ತಿದೆಯೇ, ಮುಟ್ಟಿದರೆ ರಕ್ತ ಒಸರುತ್ತದೆಯೇ ಎಂಬುದನ್ನು ಗಮನಿಸಿ. ಕೆನ್ನೆಯ ಒಳಭಾಗವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, ಅಂಗುಳನ್ನು ನೋಡಿ, ನಾಲಿಗೆಯನ್ನು ಚಾಚಿ ಎರಡೂ ಪಕ್ಕಗಳನ್ನೂ, ಮೇಲೆತ್ತಿ ಅದರ ತಳವನ್ನೂ ನೋಡಿ. ನಾಲಿಗೆಯ ಪಕ್ಕಗಳನ್ನು ಹೆಚ್ಚಿನವರು ಒಮ್ಮೆಯೂ ನೋಡಿಕೊಂಡಿರುವುದಿಲ್ಲ, ಆದರೆ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೈಗೆ ಸಿಗುವ ಗಂಟು, ಮೊದಲಿನಷ್ಟು ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರಿಗೆ ತೋರಿಸಿ. ಸಾಧಾರಣ ಬಾಯಿಹುಣ್ಣು ಒಂದೆರಡು ವಾರಗಳಲ್ಲಿ ಮಾಯುತ್ತದೆ. ಎರಡು ವಾರ ದಾಟಿದರೂ ಮಾಯದ ಹುಣ್ಣನ್ನು, ಅದು ನೋಯದಿದ್ದರೂ, ವೈದ್ಯರು ನೋಡಲೇಬೇಕು. ನೋವಿಲ್ಲ ಎಂಬ ಸಮಾಧಾನದಲ್ಲಿ ತಿಂಗಳುಗಳನ್ನು ಕಳೆದುಕೊಂಡವರೇ ತಡವಾಗಿ ಆಸ್ಪತ್ರೆ ಸೇರುವುದು.

ಹಂತ 3: ಹಲ್ಲನ್ನಷ್ಟೇ ಅಲ್ಲ, ಅಂಚನ್ನು ಉಜ್ಜಿ

ಮೃದುವಾದ ಎಳೆಗಳಿರುವ, ಹಿಂದಿನ ದವಡೆಹಲ್ಲಿನವರೆಗೂ ಸಲೀಸಾಗಿ ಹೋಗುವಷ್ಟು ಚಿಕ್ಕ ತಲೆಯ ಬ್ರಷ್ ಆರಿಸಿಕೊಳ್ಳಿ. ಗಟ್ಟಿ ಬ್ರಷ್ ಹೆಚ್ಚು ಶುಚಿಮಾಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಒಸಡನ್ನು ಕೆಳಗಿಳಿಸುತ್ತದೆ, ಬೇರಿನ ಬುಡವನ್ನು ಸವೆಸುತ್ತದೆ. ಇದ್ದಿಲಿನ ಪುಡಿಯಂತಹ ಒರಟು ಪುಡಿಗಳದ್ದೂ ಇದೇ ಕಥೆ: ಹೋಗುವುದು ಕಲೆ ಮಾತ್ರವಲ್ಲ, ಎನಾಮೆಲ್ ಕೂಡ.

ಬ್ರಷ್ಷನ್ನು ಪೆನ್ನು ಹಿಡಿದಂತೆ ಬೆರಳುಗಳಲ್ಲಿ ಹಿಡಿದರೆ ಅತಿಯಾದ ಒತ್ತಡ ತಾನಾಗಿಯೇ ತಪ್ಪುತ್ತದೆ. ಎಳೆಗಳ ತುದಿ ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಕೂರುವಂತೆ 45 ಡಿಗ್ರಿ ಓರೆಯಾಗಿ ಇರಿಸಿ. ಅಲ್ಲಿಯೇ, ಜಾಗ ಬಿಡದೆ, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಕದಲಿಸುತ್ತಾ ಹತ್ತರವರೆಗೆ ಎಣಿಸಿ. ಬಳಿಕ ಅಂಚಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿ ಮುಂದಿನ ಎರಡು ಹಲ್ಲುಗಳಿಗೆ ಸಾಗಿ. ಅಮೆರಿಕದ ವೈದ್ಯ ಚಾರ್ಲ್ಸ್ ಬಾಸ್ ಅವರ ಹೆಸರಿನಿಂದ ಗುರುತಿಸಲಾಗುವ ಈ ಕ್ರಮದ ಉದ್ದೇಶವೇ ಹಲ್ಲಿಗೂ ಒಸಡಿಗೂ ನಡುವಿರುವ ಕಿರಿದಾದ ಸಂದಿಗೆ ಎಳೆಗಳನ್ನು ನುಗ್ಗಿಸುವುದು. ಗರಗಸ ಎಳೆದಂತೆ ಅಡ್ಡಡ್ಡ ಉಜ್ಜುವವರ ಬ್ರಷ್ ಉಬ್ಬಿದ ಭಾಗಗಳನ್ನು ಮಾತ್ರ ಹೊಳೆಯಿಸುತ್ತದೆ, ಈ ಸಂದಿಯನ್ನು ಹಾರಿಹೋಗುತ್ತದೆ.

ಒಂದು ಕ್ರಮವನ್ನು ಗೊತ್ತುಮಾಡಿಕೊಂಡು ಅದನ್ನು ಎಂದೂ ಬದಲಿಸಬೇಡಿ. ಮೇಲ್ಸಾಲಿನ ಬಲತುದಿಯಿಂದ ಹೊರಮೈಯಲ್ಲಿ ಎಡತುದಿಯವರೆಗೆ, ಅಲ್ಲಿಂದ ಒಳಮೈಯಲ್ಲಿ ಹಿಂದಿರುಗಿ ಬಲತುದಿಗೆ, ಆಮೇಲೆ ಜಗಿಯುವ ಮೈ, ಕೆಳಸಾಲಿಗೂ ಹೀಗೆಯೇ. ಮುಂದಿನ ಹಲ್ಲುಗಳ ಒಳಮೈಗೆ ಬ್ರಷ್ಷನ್ನು ಲಂಬವಾಗಿ ನಿಲ್ಲಿಸಿ ಅದರ ತುದಿಯಿಂದ ಉಜ್ಜಿ. ಎಲ್ಲಕ್ಕಿಂತ ಹಿಂದಿರುವ ದವಡೆಹಲ್ಲಿನ ಹಿಂಬದಿಯನ್ನು ಮುಟ್ಟಲು ಬಾಯಿಯನ್ನು ಪೂರ್ತಿ ತೆರೆಯದೆ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಜಾಗ ಸಿಗುತ್ತದೆ. ಇಷ್ಟಕ್ಕೆ ಕನಿಷ್ಠ 2 ನಿಮಿಷ ಬೇಕು. ಒಮ್ಮೆ ಗಡಿಯಾರ ನೋಡಿಕೊಂಡು ಉಜ್ಜಿ ನೋಡಿ, ನಿಮ್ಮ ವಾಡಿಕೆಯ ಹೊತ್ತು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಓಲಾಡುವ ತಲೆಯ ವಿದ್ಯುತ್ ಬ್ರಷ್ ಸಾಧಾರಣ ಬ್ರಷ್‌ಗಿಂತ ತುಸು ಹೆಚ್ಚು ಪಾಚಿಯನ್ನು ತೆಗೆಯುತ್ತದೆ; ಕೈ ನಡುಗುವವರಿಗೂ ಬೆರಳುಗಳ ಹಿಡಿತ ಕಡಿಮೆಯಾದವರಿಗೂ ಅದು ದೊಡ್ಡ ಸಹಾಯ. ಯಾವುದೇ ಬ್ರಷ್ ಆದರೂ ಮೂರು ತಿಂಗಳಿಗೊಮ್ಮೆ, ಎಳೆಗಳು ಅಗಲಿಕೊಂಡಿದ್ದರೆ ಅದಕ್ಕೂ ಮೊದಲೇ, ಬದಲಿಸಿ.

ದಿನಕ್ಕೆ ಎರಡು ಬಾರಿ ಉಜ್ಜಬೇಕು. ಎರಡರಲ್ಲಿ ಒಂದನ್ನು ಬಿಡಲೇಬೇಕಾದ ದಿನ ಬಂದರೆ ಬೆಳಗಿನದನ್ನು ಬಿಡಿ, ರಾತ್ರಿಯದನ್ನು ಖಂಡಿತ ಬಿಡಬೇಡಿ. ನಿದ್ದೆಯಲ್ಲಿ ಲಾಲಾರಸದ ಹರಿವು ಬಹುಮಟ್ಟಿಗೆ ನಿಂತುಹೋಗುತ್ತದೆ. ಪಾಚಿಯೊಂದಿಗೆ ಮಲಗಿದ ಹಲ್ಲಿಗೆ ಆ ಏಳೆಂಟು ಗಂಟೆ ಕಾವಲೇ ಇರುವುದಿಲ್ಲ.

ಹಂತ 4: ಟೂತ್‌ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ, ಮುಕ್ಕಳಿಸಿ ತೊಳೆಯಬೇಡಿ

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿನವರ ಹಲ್ಲುಗಳ ಮೇಲಿನ ಕಂದು ಕಲೆಗಳ ಮೂಲವನ್ನು ಹುಡುಕಲು ಹೊರಟು, ಆ ಕಲೆಯ ಹಲ್ಲುಗಳು ಹುಳುಕಿಗೆ ಸುಲಭವಾಗಿ ಬಲಿಯಾಗುವುದಿಲ್ಲ ಎಂಬುದನ್ನು ಗುರುತಿಸಿದರು. ಕಾರಣ ನೀರಿನಲ್ಲಿ ವಿಪರೀತವಾಗಿದ್ದ ಫ್ಲೋರೈಡ್ ಎಂಬುದು ತಿಳಿದದ್ದು 1931ರಲ್ಲಿ. ಹೆಚ್ಚಾದರೆ ಹಲ್ಲನ್ನು ಕಲೆಗೊಳಿಸುವ, ಇನ್ನೂ ಮಿತಿಮೀರಿದರೆ ಮೂಳೆಯನ್ನೇ ಕೆಡಿಸುವ ಇದೇ ವಸ್ತು, ಹಿತಮಿತವಾಗಿ ಹಲ್ಲಿನ ಮೇಲ್ಮೈಗೆ ತಾಗಿದಾಗ ಖನಿಜ ಮರಳಿ ಸೇರುವುದನ್ನು ವೇಗಗೊಳಿಸುತ್ತದೆ, ಹಾಗೆ ಸೇರಿದ ಖನಿಜ ಆಮ್ಲಕ್ಕೆ ಮೊದಲಿಗಿಂತ ಹೆಚ್ಚು ತಡೆಯೊಡ್ಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಪೇಸ್ಟ್‌ನ ಪೆಟ್ಟಿಗೆಯ ಮೇಲೆ ಫ್ಲೋರೈಡ್ ಪ್ರಮಾಣ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ) ಎಂದಿರುವುದನ್ನು ನೋಡಿ ಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು; ನುಂಗದಂತೆ ದೊಡ್ಡವರು ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಉಜ್ಜಿದ ನಂತರ ನೊರೆಯನ್ನು ಚೆನ್ನಾಗಿ ಉಗುಳಿ, ಆದರೆ ಬಾಯಿತುಂಬ ನೀರು ತುಂಬಿಕೊಂಡು ಮುಕ್ಕಳಿಸಬೇಡಿ. ಚಿಕ್ಕಂದಿನಿಂದ ಬಂದ ರೂಢಿಗೆ ಇದು ವಿರುದ್ಧವೆನಿಸಬಹುದು. ಆದರೂ ಹೇಳುತ್ತೇನೆ: ಹಲ್ಲಿನ ಮೇಲೆ ಉಳಿದ ತೆಳುವಾದ ಫ್ಲೋರೈಡ್ ಲೇಪವೇ ಮುಂದಿನ ಹೊತ್ತಿನ ರಕ್ಷಣೆ, ಅದನ್ನು ತೊಳೆದುಬಿಟ್ಟರೆ ಉಜ್ಜಿದ್ದರ ಅರ್ಧ ಲಾಭ ನೀರುಪಾಲು.

ಹಂತ 5: ದಿನಕ್ಕೊಮ್ಮೆ ಸಂದುಗಳನ್ನು ಶುಚಿಮಾಡಿ

ಎಷ್ಟೇ ಚೆನ್ನಾಗಿ ಉಜ್ಜಿದರೂ ಎರಡು ಹಲ್ಲುಗಳು ಒಂದಕ್ಕೊಂದು ಒರಗಿರುವ ಮೈಗೆ ಬ್ರಷ್ ತಲುಪದು. ಹದಿನೇಳನೆಯ ಶತಮಾನದ ಡಚ್ ಸಂಶೋಧಕ ಲೇವನ್‌ಹುಕ್ ತಾನೇ ತಯಾರಿಸಿದ ಸೂಕ್ಷ್ಮದರ್ಶಕದಲ್ಲಿ ತನ್ನ ಹಲ್ಲಿನ ಸಂದಿನ ಬಿಳಿಯ ಪಾಚಿಯನ್ನು ಇಟ್ಟು ನೋಡಿ, ಅಲ್ಲಿ ಓಡಾಡುತ್ತಿದ್ದ ಸೂಕ್ಷ್ಮಜೀವಿಗಳ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಗೆ 1683ರಲ್ಲಿ ಪತ್ರ ಬರೆದು ತಿಳಿಸಿದ. ಹಲ್ಲನ್ನು ಶ್ರದ್ಧೆಯಿಂದ ಉಜ್ಜುತ್ತಿದ್ದವನ ಬಾಯಿಯ ಮಾತಿದು.

ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ ಬಳಸಿ: ಸುಮಾರು ಮೊಳದುದ್ದ ತೆಗೆದುಕೊಂಡು ಎರಡೂ ನಡುಬೆರಳುಗಳಿಗೆ ಸುತ್ತಿ, ಅಂಗುಲದಷ್ಟು ಬಿಗಿಯಾಗಿ ಹಿಡಿದು, ಗರಗಸದಂತೆ ನಯವಾಗಿ ಆಡಿಸುತ್ತಾ ಸಂದಿಗೆ ಇಳಿಸಿ. ಒಮ್ಮೆಲೇ ಒತ್ತಿದರೆ ಒಸಡು ಕೊಯ್ದುಹೋಗುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಅಪ್ಪಿದಂತೆ ಬಾಗಿಸಿ ಒಸಡಿನ ಅಂಚಿನ ಕೆಳಗಿನಿಂದ ಮೇಲಕ್ಕೆ ನಾಲ್ಕೈದು ಬಾರಿ ಉಜ್ಜಿ, ನಂತರ ಪಕ್ಕದ ಹಲ್ಲಿಗೂ ಹಾಗೆಯೇ ಮಾಡಿ. ಸಂದುಗಳು ಅಗಲವಾಗಿದ್ದರೆ ದಾರಕ್ಕಿಂತ ಸಂದಿನ ಪುಟ್ಟ ಬ್ರಷ್ ಹೆಚ್ಚು ಫಲಕಾರಿ. ಮೊದಲ ಕೆಲವು ದಿನ ರಕ್ತ ಬರಬಹುದು, ಅದಕ್ಕೆ ಹೆದರಿ ನಿಲ್ಲಿಸಬೇಡಿ.

ಹಂತ 6: ಒಸಡಿನ ರಕ್ತವನ್ನು ಸರಿಯಾಗಿ ಅರ್ಥಮಾಡಿಕೊಳ್ಳಿ

ಉಜ್ಜುವಾಗ ರಕ್ತ ಬಂದರೆ ಬಹಳಷ್ಟು ಜನ ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ನನ್ನ ಪ್ರಕಾರ ಬಾಯಿಯ ಆರೈಕೆಯಲ್ಲಿ ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿಲ್ಲ. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯಕರ ಒಸಡಿನ 12 ಮಂದಿ ಬಾಯಿ ಶುಚಿಗೊಳಿಸುವುದನ್ನು ಪೂರ್ತಿಯಾಗಿ ನಿಲ್ಲಿಸಿದರು. ಹತ್ತರಿಂದ 21 ದಿನಗಳೊಳಗೆ ಅವರೆಲ್ಲರ ಒಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಂದರೆ ರಕ್ತ ಬರುವ ಜಾಗವೇ ಹೆಚ್ಚು ಗಮನ ಬೇಡುವ ಜಾಗ. ಅಲ್ಲಿ ಮೃದುವಾಗಿ, ಆದರೆ ತಪ್ಪದೆ, ಒಂದೆರಡು ವಾರ ಉಜ್ಜಿ ನೋಡಿ.

ಆಮೇಲೂ ರಕ್ತ ನಿಲ್ಲದಿದ್ದರೆ ಅಂಚಿನ ಕೆಳಗೆ ಕಿಟ್ಟ ಕೂತಿರುವ ಸಾಧ್ಯತೆ ಹೆಚ್ಚು, ಅದನ್ನು ಮನೆಯಲ್ಲಿ ಯಾವ ಬ್ರಷ್ಷೂ ತೆಗೆಯಲಾರದು. ದಂತವೈದ್ಯರಲ್ಲಿ ಕ್ಲೀನಿಂಗ್ ಮಾಡಿಸಬೇಕು. ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬೇಡ. ಹಲ್ಲು ಸಡಿಲವಾಗಿರುವುದು ಕಿಟ್ಟದ ಕೆಳಗೆ ಮೂಳೆ ಕರಗಿದ್ದರಿಂದ. ಕಿಟ್ಟ ಹೋದಾಗ ಅದು ಅನುಭವಕ್ಕೆ ಬರುತ್ತದೆ, ಅಷ್ಟೆ. ಒಸಡಿನ ಸಂದಿಯ ಆಳವನ್ನು ಅಳೆಯುವಂತೆ ವೈದ್ಯರನ್ನು ಕೇಳಿ. ಅದು 1ರಿಂದ 3 ಮಿಲಿಮೀಟರ್ ಇದ್ದರೆ ಸಹಜ, ಅದಕ್ಕಿಂತ ಆಳವಾದರೆ ಮೂಳೆಗೆ ಹಾನಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಮಧುಮೇಹ ಇರುವವರು ಇದನ್ನು ಹಗುರವಾಗಿ ಕಾಣಬಾರದು: ಸಕ್ಕರೆಯ ಮಟ್ಟ ಏರಿದರೆ ಒಸಡಿನ ರೋಗ ಬಲಿಯುತ್ತದೆ, ಒಸಡಿನ ರೋಗ ಬಲಿತರೆ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ. ಗರ್ಭಿಣಿಯರಲ್ಲಿ ಹಾರ್ಮೋನುಗಳ ಏರಿಳಿತದಿಂದ ಒಸಡು ಬೇಗ ಊದಿಕೊಳ್ಳುತ್ತದೆ. ಧೂಮಪಾನಿಗಳಲ್ಲಿ ಮಾತ್ರ ಮೋಸವೊಂದಿದೆ, ಅವರಿಗೆ ರೋಗವಿದ್ದರೂ ರಕ್ತ ಕಡಿಮೆ ಬರುತ್ತದೆ. ತಂಬಾಕು, ಅಡಿಕೆ, ಮದ್ಯ ಈ ಮೂರೂ ಬಾಯಿ ಕ್ಯಾನ್ಸರ್‌ಗೆ ಕಾರಣವಾಗುತ್ತವೆ ಎಂಬುದು ಖಚಿತವಾಗಿ ಸಾಬೀತಾಗಿದೆ. ಇವುಗಳನ್ನು ಬಿಡದೆ ಉಳಿದೆಲ್ಲ ಹಂತಗಳನ್ನು ಪಾಲಿಸಿದರೂ ಬಾಯಿ ಸುರಕ್ಷಿತವಲ್ಲ.

ಹಂತ 7: ಎಷ್ಟು ಎನ್ನುವುದಕ್ಕಿಂತ ಎಷ್ಟು ಸಲ ಎಂದು ಎಣಿಸಿ

ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಬುದ್ಧಿಮಾಂದ್ಯರಿಗೆ ಉದ್ದೇಶಪೂರ್ವಕವಾಗಿ ಅಂಟು ಮಿಠಾಯಿಗಳನ್ನು ತಿನ್ನಿಸಿ ಹಲ್ಲು ಕೆಡುವುದನ್ನು ದಾಖಲಿಸಲಾಯಿತು. ಒಪ್ಪಿಗೆ ಕೊಡಲಾಗದ ಮನುಷ್ಯರ ಮೇಲೆ ನಡೆದ ಆ ಪ್ರಯೋಗ ಅನ್ಯಾಯವೇ ಸರಿ. ಅವರ ನೋವಿನಿಂದ ದೊರೆತ ತಿಳಿವಳಿಕೆಯನ್ನು ನಾವು ಮರೆಯಬಾರದು: ಊಟದ ಜೊತೆಗೆ ತಿಂದ ಸಕ್ಕರೆಗಿಂತ, ಊಟಗಳ ನಡುವೆ ಮತ್ತೆ ಮತ್ತೆ ತಿಂದ, ಹಲ್ಲಿಗೆ ಅಂಟಿಕೊಳ್ಳುವ ಸಕ್ಕರೆ ಬಹಳ ಹೆಚ್ಚು ಹಾನಿ ಮಾಡಿತು.

ಒಂದು ಸಿಹಿ ಪಾನೀಯವನ್ನು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿದವರ ಹಲ್ಲಿಗೆ ಆಮ್ಲದ ದಾಳಿ ಒಂದೇ ಸಲ. ಅದನ್ನೇ ಮೂರು ಗಂಟೆ ಪಕ್ಕದಲ್ಲಿಟ್ಟುಕೊಂಡು ಗುಟುಕರಿಸಿದವರ ಬಾಯಿಯಲ್ಲಿ ಪಿಎಚ್ ಮಟ್ಟ ಮೇಲೇಳುವುದೇ ಇಲ್ಲ. ಆದ್ದರಿಂದ ಸಿಹಿ ತಿನ್ನುವುದಿದ್ದರೆ ಊಟದ ಜೊತೆಗೇ ತಿಂದು ಮುಗಿಸಿ, ನಡುವಿನ ಬಾಯಾರಿಕೆಗೆ ನೀರು ಕುಡಿಯಿರಿ. ಹುಳಿ ಹಣ್ಣು ಅಥವಾ ಸೋಡಾ ಸೇವಿಸಿದ ಕೂಡಲೇ, ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ. ಆಮ್ಲದಿಂದ ಮೆತ್ತಗಾದ ಮೇಲ್ಪದರ ಬ್ರಷ್‌ಗೆ ಸವೆಯುತ್ತದೆ. ಬರೀ ನೀರಿನಿಂದ ಬಾಯಿ ತೊಳೆದು ಅರ್ಧ ಗಂಟೆಯಾದರೂ ಕಾಯಿರಿ.

ಹಂತ 8: ಒಣಬಾಯಿ ಮತ್ತು ದುರ್ವಾಸನೆಯ ಮೂಲವನ್ನು ಹುಡುಕಿ

ಬಾಯಿಯ ದುರ್ವಾಸನೆ ಹೊಟ್ಟೆಯಿಂದ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ, ಆದರೆ ಬಹುಪಾಲು ಸಂದರ್ಭಗಳಲ್ಲಿ ಅದರ ಮೂಲ ನಾಲಿಗೆಯ ಹಿಂಭಾಗ ಮತ್ತು ರೋಗಗ್ರಸ್ತ ಒಸಡು. ಅಲ್ಲಿನ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಹಗುರವಾಗಿ ಕೆರೆಯುವುದು ಮೌತ್‌ವಾಶ್‌ಗಿಂತ ಒಳ್ಳೆಯ ಉಪಾಯ. ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ. ದೀರ್ಘಕಾಲ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ.

ಬಾಯಿ ಸದಾ ಒಣಗುತ್ತಿದ್ದರೆ ನೀವು ತೆಗೆದುಕೊಳ್ಳುವ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಅಲರ್ಜಿ, ಖಿನ್ನತೆ ಮತ್ತು ರಕ್ತದೊತ್ತಡದ ಹಲವು ಮಾತ್ರೆಗಳು ಲಾಲಾರಸವನ್ನು ಕುಗ್ಗಿಸುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಅಗಿಯುವುದರಿಂದ ರಸ ಹೆಚ್ಚುತ್ತದೆ.

ಹಂತ 9: ಮಕ್ಕಳು ಮತ್ತು ಹಿರಿಯರು

ಸುಮಾರು ಆರು ತಿಂಗಳಿಗೆ ಮೊದಲ ಹಾಲುಹಲ್ಲು ಮೂಡಿದ ದಿನದಿಂದಲೇ ಉಜ್ಜುವುದನ್ನು ಆರಂಭಿಸಿ. ಹಾಲು ಅಥವಾ ಸಿಹಿ ತುಂಬಿದ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಅದನ್ನೂ ಹಾಲುಹಲ್ಲೆಂದೇ ತಿಳಿದು ಕಡೆಗಣಿಸುವ ಪೋಷಕರು ಅನೇಕ. ಅದರ ಆಳವಾದ ಗೆರೆಗಳನ್ನು ಮುಚ್ಚಲು ಸೀಲೆಂಟ್ ಎಂಬ ಲೇಪನ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದು, ಉಜ್ಜಿ, ನೀರಿನಲ್ಲಿ ಇಡಬೇಕು. ಒಸಡಿಗೂ ವಿಶ್ರಾಂತಿ ಬೇಕು.

ಹಂತ 10: ತುರ್ತು ಸಂದರ್ಭಕ್ಕೆ ಸಿದ್ಧರಾಗಿರಿ

ಹಲ್ಲುನೋವಿನ ಜೊತೆ ಮುಖ ಅಥವಾ ಕುತ್ತಿಗೆ ಊದಿಕೊಂಡು ಜ್ವರ ಬಂದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ, ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೊಳೆತ ತಿರುಳಿನ ಸೋಂಕು ಕುತ್ತಿಗೆಯ ಆಳಕ್ಕೆ ಇಳಿದು ಪ್ರಾಣಕ್ಕೆ ಕುತ್ತು ತರಬಹುದು.

ಬಿದ್ದ ಪೆಟ್ಟಿಗೆ ಶಾಶ್ವತ ಹಲ್ಲೊಂದು ಇಡಿಯಾಗಿ ಕಳಚಿ ಬಂದರೆ ಬೇರನ್ನು ಮುಟ್ಟದೆ, ಬಿಳಿಯ ತುದಿಯನ್ನು ಮಾತ್ರ ಹಿಡಿದು ಎತ್ತಿಕೊಳ್ಳಿ. ಕೊಳೆಯಾಗಿದ್ದರೆ ಹಾಲಿನಿಂದ ಅಥವಾ ನೀರಿನಿಂದ ಕೆಲವೇ ಕ್ಷಣ ತೊಳೆಯಿರಿ, ಉಜ್ಜಬೇಡಿ, ಒರೆಸಬೇಡಿ. ಬೇರಿಗೆ ಅಂಟಿಕೊಂಡಿರುವ ನಾರುಗಳ ಕೋಶಗಳು ಬದುಕಿರಬೇಕು. ಗಾಯಗೊಂಡವರು ಎಚ್ಚರವಾಗಿದ್ದರೆ ಹಲ್ಲನ್ನು ಅದರ ಕುಳಿಯೊಳಗೆ ಮುಖ ಮುಂದಾಗಿ ಕೂರಿಸಿ, ಮಡಿಸಿದ ಬಟ್ಟೆಯನ್ನು ಮೆಲ್ಲಗೆ ಕಚ್ಚಿಕೊಳ್ಳಲು ಹೇಳಿ. ಅದು ಆಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಮುಳುಗಿಸಿ, ಒಣಗಲು ಬಿಡದೆ, ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಕಳಚಿದ್ದು ಹಾಲುಹಲ್ಲಾದರೆ ಮತ್ತೆ ಕೂರಿಸಲು ಹೋಗಬೇಡಿ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.